ಮಾತ್ರೆ ಬೇಡವೆಂದ ಸಿಸ್ಟರ್

ವೃದ್ಧಾಶ್ರಮದ ಸಿಸ್ಟರಿಗೆ ಆ ದಿನದ ತಾಪತ್ರಯ ಶುರುವಾದದ್ದು, ಟೀಚರಜ್ಜಿ ತಮ್ಮನ್ನು ನೋಡಲು ಬಂದ ಸ್ವಂತ ಮಗಳನ್ನೇ "ಯಾರಮ್ಮ ನೀನು?" ಎಂದು ಕೇಳಿದ್ದರಿಂದ. ಬೆಳಗ್ಗೆ ಅಜ್ಜಿ ತಟ್ಟೆ ಬಿಟ್ಟು ಬರಿ ಮೇಜಿನ ಮೇಲೆ ಚಮಚ ಆಡಿಸಿದ್ದರು. ಸಾಲದ್ದಕ್ಕೆ ಮೂತ್ರವೂ ಕದಡಿದ ಬಣ್ಣಕ್ಕೆ ತಿರುಗಿತ್ತು.

"ಇನ್‌ಫೆಕ್ಷನ್ನೇ ಇದು. ಆಂಟಿಬಯಾಟಿಕ್ ಶುರು ಮಾಡಿ," ಮಗಳು ತೀರ್ಪು ಕೊಟ್ಟಳು.

"ಜ್ವರ ಇಲ್ಲ, ಉರಿ ಇಲ್ಲ. ಡಾಕ್ಟ್ರನ್ನ ಕೇಳ್ದೆ. ಬರೀ ಬಣ್ಣ ನೋಡಿ ಮಾತ್ರೆ ಬೇಡ, ನೀರು ಕುಡಿಸಿ, ಗಮನ ಇಟ್ಟಿರಿ ಅಂದ್ರು. ಹೋದ ಸಲ ಸುಮ್ಮನೆ ಕೊಟ್ಟಿದ್ದಕ್ಕೆ ಅಮ್ಮ ಭೇದಿಯಾಗಿ ಹಾಸಿಗೆ ಹಿಡಿದಿದ್ರಲ್ಲ," ಎಂದಳು ಸಿಸ್ಟರ್.

ಪಕ್ಕದ ಮಂಚದಲ್ಲಿದ್ದವರನ್ನು ಎಲ್ಲರೂ ರೇಡಿಯೋ ಅಜ್ಜಿ ಎನ್ನುತ್ತಿದ್ದರು. ಅವರ ಬಾಯನ್ನು ಆಫ್ ಮಾಡಲು ಗುಂಡಿ ಇರಲಿಲ್ಲ. "ಕೊಟ್ಬಿಡಮ್ಮ, ನಿನ್ನ ಗಂಟೇನು ಹೋಗುತ್ತೆ?" ಎಂದರು. ಅಡುಗೆಯವಳು ಇಣುಕಿ, "ನನ್ನ ಹಲ್ಲುನೋವಿಗೆ ತಂದ ಮಾತ್ರೇಲಿ ಎರಡು ಉಳಿದಿವೆ, ತರ್ಲಾ?" ಎಂದಳು. ಮಗಳು ಅಣ್ಣನಿಗೆ ಫೋನು ಮಾಡಿದಳು, ಅಣ್ಣ ಮ್ಯಾನೇಜರಿಗೆ ಮಾಡಿದ. ಮ್ಯಾನೇಜರು ಹರಳೆಣ್ಣೆ ಕುಡಿದ ಮುಖ ಹೊತ್ತು ಬಂದರು.

"ಹೆಚ್ಚುಕಮ್ಮಿ ಆದ್ರೆ ಜವಾಬ್ದಾರಿ ಯಾರದು?"

"ನಂದೇ ಸಾರ್," ಎಂದುಬಿಟ್ಟಳು ಸಿಸ್ಟರ್. ಅಂದದ್ದೇನೋ ಅಂದಳು. ನಿಜಕ್ಕೂ ಇನ್‌ಫೆಕ್ಷನ್ ಆಗಿದ್ದರೆ? ಊಟಕ್ಕೂ ಹೋಗದೆ ಮತ್ತೆ ಮತ್ತೆ ಜ್ವರ ನೋಡಿದಳು, ಲೋಟ ಲೋಟ ನೀರು ಕುಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಮೂತ್ರ ತಿಳಿಯಾಯಿತು. ಆದರೆ ಟೀಚರಜ್ಜಿ ಕಿಟಕಿಯ ಪರದೆಯನ್ನು "ಬನ್ನಿ, ಕೂತ್ಕೊಳ್ಳಿ" ಎಂದು ಉಪಚರಿಸುತ್ತಿದ್ದರು.

ಅಷ್ಟರಲ್ಲಿ ರೇಡಿಯೋ ಅಜ್ಜಿ ಪೇಪರನ್ನು ಮಾರುದೂರ ಹಿಡಿದು ಗೊಣಗಿದರು: "ಈ ಪೇಪರಿನೋರು ಶಾಯಿಗೂ ಜಿಪುಣತನ ಮಾಡ್ತಾರೆ. ಒಂದಕ್ಷರ ನೆಟ್ಟಗಿಲ್ಲ."

ಸಿಸ್ಟರ್ ತಿರುಗಿ ನೋಡಿದಳು. ರೇಡಿಯೋ ಅಜ್ಜಿಯ ಮೂಗಿನ ಮೇಲೆ ಕೂತಿದ್ದುದು ಟೀಚರಜ್ಜಿಯ ಕನ್ನಡಕ. ಟೀಚರಜ್ಜಿಯ ಮೂಗಿನ ಮೇಲೆ ಇವರದು.

ಅದಲುಬದಲು ಮಾಡಿದ್ದೇ ತಡ, ಟೀಚರಜ್ಜಿ ಮಗಳನ್ನು ಮೇಲಿಂದ ಕೆಳಗೆ ನೋಡಿ, "ಯಾವಾಗ ಬಂದ್ಯೇ? ಕೂದಲು ಯಾಕೆ ಹೀಗೆ ಕತ್ತರಿಸ್ಕೊಂಡಿದೀಯ?" ಎಂದರು.

ಮಗಳು ಸಿಸ್ಟರ್ ಕೈ ಹಿಡಿದು ಕಣ್ಣೀರು ಹಾಕಿದಳು. ಮ್ಯಾನೇಜರು ಮೊದಲ ಸಲ ನಕ್ಕರು. ಸಿಸ್ಟರಿಗೆ ಜೀವ ಬಂದಂತಾಯಿತು.

ಸಂಜೆ ಅವಳು ಎಂದಿನಂತೆ ಮಾತ್ರೆಯ ತಟ್ಟೆ ಹಿಡಿದು ಹೊರಟಳು. ಮೊದಲ ಕೋಣೆಯ ನಿವೃತ್ತ ಪೊಲೀಸಜ್ಜ ಬಾಯಿ ಬಿಗಿದುಕೊಂಡರು. "ನಂಗೆ ಬಿಪಿ ಇದೆ ಅಂತ ಅನ್ನಿಸ್ತಾನೇ ಇಲ್ಲಮ್ಮ. ಅನ್ನಿಸಿದ ದಿನ ನಾನೇ ಕೇಳಿ ಇಸ್ಕೋತೀನಿ." ಎದುರು ಕೋಣೆಯ ದರ್ಜಿಯಜ್ಜ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತಟ್ಟೆಗೇ ವಾಪಸು ಹಾಕಿದರು. ಆಚೆ ಕೋಣೆಗಳಲ್ಲೂ ಇದೇ ಕತೆ.

ಮಗಳು ಮುಖವರಳಿಸಿಕೊಂಡು ಓಡಿಬಂದಳು. "ಎಲ್ಲಾ ಕೋಣೆಗೂ ಹೋಗಿ ನಾನೇ ಹೇಳ್ದೆ ಸಿಸ್ಟರ್, ಮಾತ್ರೆ ನುಂಗೋದೇ ತಪ್ಪು ಅಂತ ನೀವು ತೋರಿಸಿಕೊಟ್ರಿ ಅಂತ. ಇನ್ನು ನಿಮ್ಮ ಕೆಲಸ ಅರ್ಧ ಕಮ್ಮಿ ಆಯ್ತು ಬಿಡಿ."

ಸಿಸ್ಟರ್ ತಟ್ಟೆ ಹಿಡಿದು ಮೊದಲ ಕೋಣೆಗೇ ಹಿಂತಿರುಗಿದಳು. ಪೊಲೀಸಜ್ಜನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಅಜ್ಜ," ಎಂದಳು ನಿಧಾನವಾಗಿ, "ಬಿಪಿ ಏರಿದ್ರೂ ಮೈಗೆ ಏನೂ ಅನ್ನಿಸೋದಿಲ್ಲ ಅಂತ ಗೊತ್ತಾ?"