ಶೇಖರನ ಇಪ್ಪತ್ತು ಸುತ್ತು

ಕಿಶೋರ ಶೆಟ್ಟರಿಗೆ ಕಾರ್ ರೇಸಿನ ಹುಚ್ಚು ಇಲ್ಲದಿದ್ದರೆ, ಶೇಖರ ಪ್ಯಾಂಟಿನ ಕಿಸೆಯಲ್ಲಿ ಕಬ್ಬಿಣದ ತೂಕದ ಕಲ್ಲು ಇಟ್ಟುಕೊಂಡು ಓಡಾಡುವ ಪ್ರಸಂಗ ಬರುತ್ತಿರಲಿಲ್ಲ.

ಶೆಟ್ಟರದು ಮುಂಬಯಿಯ ಕುರ್ಲಾ ಸ್ಟೇಷನ್ ಹತ್ತಿರ ಹೋಟೆಲು. ಫೆಬ್ರವರಿ ಬಂತೆಂದರೆ ಅಲ್ಲಿಯ ಟಿ.ವಿ.ಯಲ್ಲಿ ಕ್ರಿಕೆಟ್ ಬಂದ್. ಎಲ್ಲೋ ಮರುಭೂಮಿಯಲ್ಲಿ ಫಾರ್ಮುಲಾ ಒನ್ ಕಾರುಗಳು ಸೀಸನ್ ಶುರುವಾಗುವ ಮುಂಚೆ ಟೆಸ್ಟಿಂಗ್ ಎಂದು ಸುತ್ತುವುದನ್ನೇ ಗಿರಾಕಿಗಳು ಇಡ್ಲಿಯ ಜೊತೆ ನುಂಗಬೇಕು. ಅದರ ಮೇಲೆ ಶೆಟ್ಟರ ವ್ಯಾಖ್ಯಾನ ಬೇರೆ.

"ಟೆಸ್ಟಿಂಗಿನ ಟೈಮ್ ನಂಬ್ಲಿಕ್ಕಿಲ್ಲ ಮಾರಾಯ. ಬುದ್ಧಿ ಇದ್ದವ ಟ್ಯಾಂಕಿ ತುಂಬ ಪೆಟ್ರೋಲ್ ಹಾಕಿ, ಭಾರ ಮಾಡಿಕೊಂಡು ನಿಧಾನ ಹೋಗ್ತಾನೆ. ಅಸಲು ಸ್ಪೀಡ್ ತೋರಿಸುವುದು ರೇಸಿನ ದಿನ."

ಇದಾದ ಮೇಲೆ ಅವರು ಇನ್ನೊಂದು ಮಾತೂ ಹೇಳುತ್ತಿದ್ದರು: ಯಾವ ಗಾಡಿ ಕೆಡದೆ ಎಷ್ಟು ಸುತ್ತು ಹಾಕಿತು ಅನ್ನುವುದನ್ನು ಮಾತ್ರ ಬರೆದಿಟ್ಟುಕೊಳ್ಳಬೇಕು ಎಂದು. ಆದರೆ ಅಷ್ಟು ಹೊತ್ತಿಗೆ ಯಾರಾದರೂ ಗಿರಾಕಿ ಬಿಲ್ಲು ಹಿಡಿದು ನಿಂತಿರುತ್ತಿದ್ದರಿಂದ ಶೇಖರನ ಕಿವಿಗೆ ಬಿದ್ದದ್ದು ಅರ್ಧ ಉಪದೇಶ ಮಾತ್ರ.

ಶೇಖರ ಅಲ್ಲಿ ಹದಿನಾಲ್ಕು ವರ್ಷದಿಂದ ಸೂಪರ್‌ವೈಸರ್. ಮನೆ ಗೋರೆಗಾಂವಿನಲ್ಲಿ. ಮೂರೂವರೆಗೆ ಅಲಾರಂ ಹೊಡೆಯಬೇಕು, ಕತ್ತಲಲ್ಲೇ ಲೋಕಲ್ ರೈಲು ಹಿಡಿಯಬೇಕು, ದಾದರಿನಲ್ಲಿ ಸೇತುವೆ ಹತ್ತಿ ಇಳಿದು ಗಾಡಿ ಬದಲಿಸಬೇಕು, ಐದೂವರೆಗೆ ಹೋಟೆಲಿನ ಶಟರ್ ಎತ್ತಬೇಕು. ಈ ಹದಿನಾಲ್ಕು ವರ್ಷದಲ್ಲಿ ಅವನು ಕಣ್ತುಂಬ ನಿದ್ದೆ ಮಾಡಿದ್ದು ಟೈಫಾಯ್ಡ್ ಬಂದಾಗ ಒಮ್ಮೆ. ಈಗ ಶೆಟ್ಟರು ಗೋರೆಗಾಂವಿನಲ್ಲೇ ಹೊಸ ಹೋಟೆಲು ತೆರೆಯುತ್ತಿದ್ದರು. ಮನೆಯಿಂದ ಅಲ್ಲಿಗೆ ನಾಲ್ಕು ನಿಮಿಷ. ಹೆಂಡತಿ ವಿನೋದಿನಿ ಎರಡು ಸಲ ನಡೆದು ಗಡಿಯಾರ ನೋಡಿ ಬಂದಿದ್ದಳು. ಅಲ್ಲಿಯ ಮ್ಯಾನೇಜರ್ ಯಾರು ಎಂಬುದೊಂದೇ ಬಾಕಿ. ಒಂದೋ ಶೇಖರ, ಇಲ್ಲವೇ ನಿನ್ನೆ ಮೊನ್ನೆ ಬಂದು ಸೇರಿದ ಇನ್ನೊಬ್ಬ ಸೂಪರ್‌ವೈಸರ್ ಸುಕೇಶ್.

ವರ್ಷಕ್ಕೊಮ್ಮೆ ಅಡುಗೆಮನೆಯ ಚಿಮಣಿ ತೊಳೆಸುವ ದಿನ ಹೋಟೆಲಿಗೆ ರಜೆ. ಈ ಸಲ ಅಂದು ಎಲ್ಲರೂ ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿ ಓಡಿಸುವುದೆಂದು ಶೆಟ್ಟರು ಹೇಳಿದರು. ಬೆಳಿಗ್ಗೆ ಟೆಸ್ಟಿಂಗ್, ಮಧ್ಯಾಹ್ನ ರೇಸ್. "ನೀವು ಓಡಿಸುವುದು ನೋಡಿ ಗೋರೆಗಾಂವಿಗೆ ಯಾರು ಅಂತ ಹೇಳ್ತೇನೆ" ಎಂದರು. ರೇಸ್ ಗೆದ್ದವನಿಗೆ ಗೋರೆಗಾಂವ್ ಎಂದು ಎಲ್ಲರೂ ಅರ್ಥಮಾಡಿಕೊಂಡರು.

ಶೇಖರನಿಗೆ ಒಳಗೊಳಗೇ ಖುಷಿ. ಹೋಟೆಲಿಗೆ ಬರುವ ಮೊದಲು ಎರಡು ವರ್ಷ ಅವನು ಕುರ್ಲಾದಲ್ಲಿ ರಿಕ್ಷಾ ಓಡಿಸಿದ್ದ, ಅದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕುರ್ಲಾದಲ್ಲಿ ರಿಕ್ಷಾ ಓಡಿಸಿದವನಿಗೆ ಗೋ-ಕಾರ್ಟ್ ಒಂದು ಲೆಕ್ಕವೇ? ಬೆಳಿಗ್ಗೆ ಸ್ಪೀಡ್ ಮುಚ್ಚಿಡುವುದು, ಮಧ್ಯಾಹ್ನ ತೆಗೆಯುವುದು, ಇಷ್ಟೇ. ಈ ಗುಟ್ಟನ್ನು ಅವನು ಸ್ಟೋರ್ ನೋಡಿಕೊಳ್ಳುವ ವಿಜಯಪುರದ ಶೆಟ್ಟೆಪ್ಪನೊಬ್ಬನಿಗೆ ಹೇಳಿದ. ಅಲ್ಲೇ ಕೆಟ್ಟಿತು.

"ಕಾಲು ಸಡ್ಲ ಬಿಟ್ಟು ನಿಧಾನ ಹೊಡದ್ರ ಧಣಿಗೆ ತಿಳೀತೈತ್ರಿ ಶೇಖರಣ್ಣ," ಎಂದ ಶೆಟ್ಟೆಪ್ಪ. "ಭಾರ ಇಟ್ಕೊಂಡ್ರ ಯಾರಿಗೂ ಕಾಣಂಗಿಲ್ಲ. ಇವನ್ನ ಕಿಸೇದಾಗ ಹಾಕ್ಕೋರಿ." ಸ್ಟೋರಿನ ತಕ್ಕಡಿಯ ಒಂದೊಂದು ಕಿಲೋದ ಎರಡು ಕಲ್ಲುಗಳನ್ನು ಅವನು ಚೀಲದಲ್ಲೇ ತಂದಿದ್ದ.

ಟ್ರ್ಯಾಕಿನಲ್ಲಿ ಶೇಖರ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ನಡೆದ. ಹೊಟ್ಟೆನೋವೇ ಎಂದು ಮೂವರು ವಿಚಾರಿಸಿದರು, ಒಬ್ಬ ಓಮದ ನೀರು ತಂದುಕೊಟ್ಟ, ಅದನ್ನೂ ಕುಡಿದ. ಕಾರ್ಟಿನೊಳಗೆ ಕಾಲಿಟ್ಟಾಗ ಬಲಗಡೆಯ ಕಿಸೆಯ ಹೊಲಿಗೆ ಬಿಟ್ಟು, ಕಲ್ಲು ಪ್ಯಾಂಟಿನ ಒಳಗಿಂದ ಜಾರಿ ಪಾದದ ಹತ್ತಿರ ಬಿತ್ತು. ಬಗ್ಗಿ ತೆಗೆಯೋಣವೆಂದರೆ ಹಸಿರು ಬಾವುಟ ಬೀಸಿಯಾಗಿತ್ತು. ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದ್ದೇ ತಡ, ಕಲ್ಲು ಸರಿದು ಹೋಗಿ ಎಕ್ಸಲರೇಟರಿನ ಹಿಂದೆ ಗಟ್ಟಿಯಾಗಿ ಕೂತಿತು. ಆಮೇಲೆ ಎಷ್ಟು ಒತ್ತಿದರೂ ಪೆಡಲ್ ಅರ್ಧಕ್ಕಿಂತ ಕೆಳಗೆ ಇಳಿಯಲಿಲ್ಲ.

ಸುಕೇಶ್ ಅವನನ್ನು ದಾಟಿ ಹೋದ. ಮತ್ತೆ ದಾಟಿ ಹೋದ. ಮೂರನೆಯ ಸಲ ಕೈಬೀಸಿ ದಾಟಿದವನು ನೇರ ಹೋಗಿ ಅಂಚಿನ ಟಯರುಗಳಿಗೆ ಗುದ್ದಿದ. ಅವನನ್ನು ಎಳೆದು ತೆಗೆದರು, ಇನ್ನೆರಡು ಸಲ ಗುದ್ದಿದ. ಕೊನೆಗೆ ಅವನ ಕಾರ್ಟೇ ನಿಂತುಹೋಯಿತು. ಉಳಿದವರು ಎಂಟು ಹತ್ತು ಸುತ್ತಿಗೆ ಸೊಂಟ ಹಿಡಿದು ವಡಾಪಾವ್ ಕಡೆ ನಡೆದರು.

ಶೇಖರ ಮಾತ್ರ ನಿಲ್ಲುವಂತಿರಲಿಲ್ಲ. ನಿಂತರೆ ಕಲ್ಲು ಕಾಣುತ್ತದೆ. ಬೇಲಿಯ ಆಚೆಯಿಂದ ಜನ ಸ್ಟೇಷನ್ನುಗಳ ಹೆಸರು ಕೂಗುತ್ತಿದ್ದರು. ಗಾಡಿ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆಯೇ ಎಂದು ಕೇಳುತ್ತಿದ್ದರು. ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು. ಇಪ್ಪತ್ತನೆಯ ಸುತ್ತಿಗೆ ಟ್ರ್ಯಾಕಿನವರೇ ಅಡ್ಡ ಬಂದು ನಿಲ್ಲಿಸಿದರು. ಯಾರಿಗೂ ಕಾಣದಂತೆ ಅವನು ಕಲ್ಲನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡ, ಎಡಗಿಸೆಯದನ್ನು ಶೆಟ್ಟೆಪ್ಪನ ಚೀಲಕ್ಕೆ ಹಾಕಿದ.

ಲ್ಯಾಪ್‌ಟಾಪ್ ಹಿಡಿದು ಟೈಮ್ ಬರೆಯುತ್ತಿದ್ದವಳು ಶೆಟ್ಟರ ಮಗಳು ಯಕ್ಷಿತಾ. ಅವಳು ಅಪ್ಪನಿಗೆ ಏನೋ ತೋರಿಸಿದಳು. ಶೆಟ್ಟರು ಕನ್ನಡಕ ಹಾಕಿಕೊಂಡು ನೋಡಿದರು, ಶೇಖರನನ್ನೂ ಒಮ್ಮೆ ನೋಡಿದರು, ಊಟಕ್ಕೆ ಕೂತರು.

ಮಧ್ಯಾಹ್ನ ಕಲ್ಲೂ ಇಲ್ಲ, ನಾಚಿಕೆಯೂ ಇಲ್ಲ. ಬಾವುಟ ಬಿದ್ದದ್ದೇ ಶೇಖರನೊಳಗಿನ ರಿಕ್ಷಾದವ ಎದ್ದು ಕೂತ. ಸಂದಿಯೇ ಇಲ್ಲದಲ್ಲಿ ನುಗ್ಗಿದ. ಒಂದು ಕಡೆ ಅಭ್ಯಾಸಬಲದಿಂದ ಕೈ ಹೊರಚಾಚಿ ತಿರುವಿನ ಸೂಚನೆಯನ್ನೂ ಕೊಟ್ಟ. ಸುಕೇಶನಿಗಿಂತ ಅರ್ಧ ಸುತ್ತು ಮುಂದೆ ಗೆರೆ ದಾಟಿದ. ಬೆಳಿಗ್ಗೆ ನಕ್ಕವರೇ ಹೆಗಲ ಮೇಲೆ ಎತ್ತಿಕೊಂಡರು. ಶೇಖರ ಅಲ್ಲಿಂದಲೇ ವಿನೋದಿನಿಗೆ ಫೋನ್ ಮಾಡಿದ. ಅವಳು ಬಿಲ್ಡಿಂಗಿನಲ್ಲಿ ಪೇಡೆ ಹಂಚಲು ಹೊರಟೇಬಿಟ್ಟಳು.

ಸಂಜೆ ಶೆಟ್ಟರು ಎದ್ದು ನಿಂತು ಶೇಖರನಿಗೆ ಒಂದು ಕಪ್ ಕೊಟ್ಟರು. ಆಮೇಲೆ, ಗೋರೆಗಾಂವಿಗೆ ಸುಕೇಶ್ ಎಂದರು.

ಶೇಖರ ಕಪ್ಪನ್ನು ಕೆಳಗಿಟ್ಟ. "ಧಣಿಗಳೇ, ರೇಸ್ ಗೆದ್ದದ್ದು ನಾನಲ್ವಾ?"

"ರೇಸ್ ಯಾರೂ ಗೆಲ್ಬಹುದು ಶೇಖರ. ನಾನು ನೋಡಿದ್ದು ಟೆಸ್ಟಿಂಗ್," ಎಂದು ಶೆಟ್ಟರು ಮಗಳ ಕಡೆ ತಿರುಗಿದರು.

"ಅಂಕಲ್, ಆಪ್ ಕಾ ಇಪ್ಪತ್ತು ಲ್ಯಾಪ್, ಎಲ್ಲಾ ಫಿಫ್ಟಿ ಏಯ್ಟ್ ಸೆಕೆಂಡ್. ಸೇಮ್ ಟು ಸೇಮ್," ಎಂದಳು ಯಕ್ಷಿತಾ.

"ಕೇಳಿದೆಯಾ? ಇಂಥ ಗಾಡಿ ಪ್ರಪಂಚದಲ್ಲಿ ಯಾರ ಹತ್ರವೂ ಇಲ್ಲ. ಸುಕೇಶನಿಗೆ ಸ್ಪೀಡ್ ಉಂಟು, ಹೊಸ ಹೋಟೆಲಿಗೆ ಅದು ಸಾಕು, ಗುದ್ದಿದರೆ ರಿಪೇರಿ ಮಾಡುವ. ಕುರ್ಲಾ ಕೆಟ್ಟರೆ ನಾನು ಉಣ್ಣುವುದೆಂತ? ನೀನು ಅಲ್ಲೇ ಬೇಕು."

ಇನ್ನು ಮುಚ್ಚಿಟ್ಟು ಲಾಭವಿಲ್ಲ ಎನ್ನಿಸಿ ಶೇಖರ ಟವೆಲು ಬಿಚ್ಚಿ ಕಲ್ಲನ್ನು ಮೇಜಿನ ಮೇಲಿಟ್ಟ. ಕಿಸೆ ಹರಿದದ್ದು, ಪೆಡಲ್ ಸಿಕ್ಕಿಹಾಕಿಕೊಂಡದ್ದು, ಎಲ್ಲವನ್ನೂ ಹೇಳಿದ. ಆ ಐವತ್ತೆಂಟು ಸೆಕೆಂಡು ತನ್ನದಲ್ಲ, ಈ ಕಲ್ಲಿನದು ಎಂದ. ಶೆಟ್ಟೆಪ್ಪ ಮೆಲ್ಲಗೆ ಕಂಬದ ಹಿಂದೆ ಸರಿದ.

ಶೆಟ್ಟರು ಕಲ್ಲನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು.

"ಇಷ್ಟು ಸ್ಪೀಡ್ ಇದ್ದೂ ಮುಚ್ಚಿಟ್ಟೆ. ಕೆಟ್ಟ ಗಾಡಿಯಲ್ಲೂ ಇಪ್ಪತ್ತು ಸುತ್ತು ಮುಗಿಸಿದೆ. ಯಾರೂ ಕೇಳದೆ ನಿಜ ಹೇಳಿದೆ. ನಿನ್ನನ್ನು ಗೋರೆಗಾಂವಿಗೆ ಬಿಟ್ಟುಕೊಡ್ಲಿಕ್ಕೆ ನನಗೇನು ಮರುಳಾ? ನೀನಿರುವಾಗ ನಮಗೆಂತ ಹೆದರಿಕೆ, ನಾಳೆಯಿಂದ ಶಟರ್ ಐದು ಗಂಟೆಗೇ ತೆಗೆಯುವ."

ಹೊರಗೆ ಬಂದಾಗ ಫೋನ್ ಹೊಡೆದುಕೊಳ್ಳುತ್ತಿತ್ತು. ಪೇಡೆ ಹಂಚಿಯಾಯಿತೆಂದೂ, ಮೂರೂವರೆಯ ಅಲಾರಂ ತೆಗೆದುಬಿಟ್ಟೆನೆಂದೂ ವಿನೋದಿನಿ ಹೇಳಿದಳು.

"ತೆಗೆದದ್ದು ಒಳ್ಳೆಯದಾಯ್ತು," ಎಂದ ಶೇಖರ. "ಈಗ ಮೂರಕ್ಕೆ ಇಡು."