ಮಲಗಿದವರ ಫೋಟೋಗ್ರಾಫರ್

ಎಚ್ಚರವಾಗಿರುವ ಮನುಷ್ಯನ ಫೋಟೋ ತೆಗೆಯುವುದು ನನಗೆ ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕ್ಯಾಮೆರಾ ಕಂಡೊಡನೆ ನಮ್ಮ ಕಡೆಯ ಜನ ಕೋಲು ನುಂಗಿದವರ ಹಾಗೆ ನಿಲ್ಲುತ್ತಾರೆ. ಅಷ್ಟು ಹೊತ್ತು ನಗುನಗುತ್ತಾ ಎಲೆಯಡಿಕೆ ಮೆಲ್ಲುತ್ತಿದ್ದವರು ಗಬಕ್ಕನೆ ಬಾಯಿ ಮುಚ್ಚಿ, ಅಂಗಿಯ ಕೊರಳ ಗುಂಡಿ ಹಾಕಿ, ಕೈಗಳನ್ನು ತೊಡೆಗೆ ಅಂಟಿಸಿಕೊಂಡು, ಈಗ ಯಾರೋ ಬೈಯಲಿದ್ದಾರೆ ಎಂಬಂತೆ ನೋಡುತ್ತಾರೆ. ಹೆಂಗಸರು "ತಡೀರಿ, ಬಂದೆ" ಎಂದು ಒಳಗೆ ಹೋದರೆ ಹೊರಗೆ ಬರುವ ಹೊತ್ತಿಗೆ ಬಿಸಿಲು ಇಳಿದಿರುತ್ತದೆ. ಮಲಗಿದವರಿಂದ ಈ ಕಾಟವಿಲ್ಲ. ಅವರು ಗುಂಡಿ ಹಾಕುವುದಿಲ್ಲ, ಚೆನ್ನಾಗಿ ಬಂತಾ ಎಂದು ಕೇಳುವುದಿಲ್ಲ, ಕಾಪಿ ಕೊಡಿ ಎಂದು ಮನೆ ಬಾಗಿಲಿಗೆ ಬರುವುದಿಲ್ಲ. ಇದನ್ನು ನಾನು ಬಹಳ ವರ್ಷ ಪ್ರತಿಭೆ ಎಂದು ತಿಳಿದುಕೊಂಡಿದ್ದೆ. ಅದು ಬರೀ ಪುಕ್ಕಲುತನ ಎಂದು ಗೊತ್ತಾಗುವ ಹೊತ್ತಿಗೆ ಒಬ್ಬರು ತೀರಿಕೊಂಡಿದ್ದರು.

ತೊಂಬತ್ತರ ದಶಕದಲ್ಲಿ ನಾನು ಅರಸೀಕೆರೆಯ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ವರ್ಗವಾಗಿ ಹೊರಟ ಸಹೋದ್ಯೋಗಿಯೊಬ್ಬರು ಗಂಟುಮೂಟೆ ಹಗುರಾಗಲೆಂದು ನನಗೆ ದಾಟಿಸಿ ಹೋದ ಹಳೆಯ ಕ್ಯಾಮೆರಾ ನನ್ನದು. ಒಂದು ಫೋಟೋ ತೆಗೆದ ಮೇಲೆ ಬಲಗಡೆಯ ಲಿವರನ್ನು ಹೆಬ್ಬೆರಳಿನಿಂದ ಎಳೆಯಬೇಕು. ಒಳಗೆ ರೀಲು 'ಕರ್ರ್' ಎಂದು ಮುಂದಕ್ಕೆ ಸರಿಯುತ್ತದೆ. ಈ ಸದ್ದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನಾನು ಇಟ್ಟುಕೊಂಡಿರಲಿಲ್ಲ. ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರುತ್ತಿತ್ತು. ನಮ್ಮದು ರೈಲ್ವೆ ಜಂಕ್ಷನ್ನು. ಗಾಡಿ ಬದಲಾಯಿಸುವವರು ಗಂಟೆಗಟ್ಟಲೆ ಕಾಯಬೇಕು, ಕಾಯುವವರು ಮಲಗಲೇಬೇಕು. ಟ್ರಂಕನ್ನು ಕಾಲಿಗೆ ಕಟ್ಟಿಕೊಂಡು ಮಲಗಿದವನು, ಟ್ರಂಕಿನ ಮೇಲೆಯೇ ಸುರುಳಿಯಾದವನು, ಅವನ ಕಾಲ ಬಳಿ ಅದೇ ಸುರುಳಿಯಲ್ಲಿ ನಾಯಿ. ಹಳೇಬೀಡಿಗೆ ಹೋದರೆ ಎಲ್ಲರೂ ಗೋಡೆಯ ಶಿಲ್ಪಗಳ ಮುಂದೆ ನೂಕಾಡುತ್ತಿದ್ದರು, ನಾನು ಬಸವನ ಮಂಟಪದ ನೆರಳಲ್ಲಿ ಬುಟ್ಟಿ ತಬ್ಬಿಕೊಂಡು ಮಲಗಿದ್ದ ಕಡಲೆಕಾಯಿ ವ್ಯಾಪಾರಿಯ ಮುಂದೆ ಕೂತಿರುತ್ತಿದ್ದೆ. ಕಲ್ಲಿನ ಬಸವ ಕಣ್ಣು ಬಿಟ್ಟುಕೊಂಡು ಅವನ ಬುಟ್ಟಿ ಕಾಯುತ್ತಿತ್ತು. ರೀಲು ತೊಳೆಯುವ ಸ್ಟುಡಿಯೋ ನಾಗರಾಜಣ್ಣ ಒಮ್ಮೆ ಕೈಮುಗಿದ. "ಎದ್ದಿರೋರ ಫೋಟೋನೂ ಒಂದೆರಡು ತೆಗೀರಿ ಸಾರ್. ನಿಮ್ಮ ರೀಲು ಕೈಗೆ ತಗೊಂಡ್ರೆ ಸಾಕು, ನನಗೆ ಆಕಳಿಕೆ ಬತ್ತದೆ."

ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜಿ ಮೇಕೆಮರಿಯನ್ನು ಮಡಿಲಲ್ಲಿಟ್ಟುಕೊಂಡು ಗೆಂಡೆಹಳ್ಳಿ ಬಸ್ಸಿಗೆ ಕಾಯುತ್ತಾ ನಿದ್ದೆ ಹೋಗಿದ್ದಳು. ಇಬ್ಬರ ಬಾಯಿಯೂ ಒಂದೇ ಅಳತೆಗೆ ತೆರೆದಿತ್ತು. ನಾನು ಮಂಡಿಯೂರಿ ಕ್ಲಿಕ್ಕಿಸಿದ್ದೇ ತಡ, ಮರಿ ಎದ್ದಿತು, ಅಜ್ಜಿಯೂ ಎದ್ದಳು. "ಯಾವನ್ಲಾ ಅವ್ನು? ನಾನೇನ್ ಸತ್ತೋಗಿದೀನೇನ್ಲಾ, ಕಣ್ ಮುಚ್ಕಂಡಿರೋವಾಗ ಪಟ ಹಿಡಿಯಾಕೆ?" ಇಡೀ ಬಸ್ ಸ್ಟ್ಯಾಂಡು ನನ್ನ ಕಡೆ ತಿರುಗಿತು. ನಿಮ್ಮದಲ್ಲ ಅಜ್ಜಿ, ಮೇಕೆಯದು ಎಂದೆ. "ಅದೇನ್ ಸತ್ತೈತಾ?" ಎಂದಳು.

ಅಜ್ಜಿಯ ಸಿಟ್ಟು ಸುಮ್ಮನೆ ಬಂದದ್ದಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರ ಮೊದಲ ಫೋಟೋವೇ ಕೊನೆಯ ಫೋಟೋ. ಉಸಿರು ನಿಂತ ಮೇಲೆ ಸ್ಟುಡಿಯೋಗೆ ಹೇಳಿಕಳಿಸುತ್ತಾರೆ. ಕುರ್ಚಿಯಲ್ಲಿ ಕೂರಿಸಿ, ಪೇಟ ಸುತ್ತಿ, ಹಾರ ಹಾಕಿ, ಮಕ್ಕಳು ಮೊಮ್ಮಕ್ಕಳು ಸುತ್ತ ನಿಂತು ತೆಗೆಸಿಕೊಳ್ಳುತ್ತಾರೆ. ಬದುಕಿದ್ದಾಗ ಯಾರಿಗೂ ಪುರುಸೊತ್ತಿರುವುದಿಲ್ಲ.

ನನ್ನ ಮಾವ, ಕಣಕಟ್ಟೆಯ ಮರುಳಪ್ಪನವರ ಮನೆಯ ಗೋಡೆಯ ಮೇಲೂ ಅಂಥದೊಂದು ಫೋಟೋ ಇತ್ತು. ಅದು ಅವರ ತಂದೆಯದು. ತಲೆ ವಾಲದಂತೆ ಕುರ್ಚಿಯ ಹಿಂದಿನಿಂದ ಒಂದು ಕೈ ಗದ್ದವನ್ನು ಹಿಡಿದುಕೊಂಡಿತ್ತು. "ಆ ಕೈ ನಂದೇ ಅಳಿಯಂದ್ರೆ" ಎಂದು ಮಾವ ಒಮ್ಮೆ ಹೇಳಿದ್ದರು. ಹೆಚ್ಚು ಮಾತಿನವರಲ್ಲ. ಕೊಬ್ಬರಿ ವ್ಯಾಪಾರ ಅವರದು. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಡೆಯದೆಯೇ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಕೊಳೆತಿದೆಯೋ ಹೇಳಿಬಿಡುತ್ತಿದ್ದರು. ಮದುವೆಗೆ ಮುಂಚೆ ನನ್ನನ್ನೂ ಹಾಗೆಯೇ ಅಲ್ಲಾಡಿಸಿ ನೋಡಿದ್ದಿರಬೇಕು. ಅದೊಂದು ಸಲ ಅವರ ಕಿವಿ ಮೋಸ ಹೋಯಿತು. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಅವರು ಇರುವುದು ಒಂದೇ ಕಡೆ, ಧಾರೆ ಎರೆಯಲು ಬಗ್ಗಿದಾಗ. ಪೇಟ ಚೆನ್ನಾಗಿ ಬಂದಿದೆ, ಮುಖ ಇಲ್ಲ. ಅಪ್ಪನದು ಒಂದು ನೆಟ್ಟಗಿನ ಫೋಟೋ ತೆಗೀರಿ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಲೇ ಇದ್ದಳು. ತೆಗೆಯೋಣ ಎಂದು ನಾನೂ ಹೇಳುತ್ತಲೇ ಇದ್ದೆ.

ಕಡೆಗೆ ಒಂದು ಭಾನುವಾರ ಬೆಳಿಗ್ಗೆ ಮಾವನೇ ಬಸ್ಸಿಳಿದು ಬಂದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಹೊಸ ಪೇಟ, ಹಣೆಯಲ್ಲಿ ತೀಡಿದ ವಿಭೂತಿ. ಕೂರುವ ಮೊದಲೇ ಹೇಳಿದರು: "ಕಣ್ ಬಿಟ್ಕಂಡಿರೋವಾಗ್ಲೇ ಒಂದು ತೆಗೆದ್ಬಿಡಿ ಅಳಿಯಂದ್ರೆ. ನಮ್ಮಪ್ಪಂಗೆ ಆದಂಗೆ ನಂಗಾಗೋದ್ ಬ್ಯಾಡ." ನಾನು ಆಗಷ್ಟೇ ಸ್ಟೇಷನ್ನಿನಿಂದ ಬಂದಿದ್ದೆ. ರೀಲಿನ ಕೊನೆಯ ಫೋಟೋವನ್ನು ಕೂಲಿಯವನ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗಿದ್ದ ನಾಯಿಗೆ ಕೊಟ್ಟು, ರೀಲನ್ನು ನಾಗರಾಜಣ್ಣನಿಗೆ ಕೊಟ್ಟು ಬಂದಿದ್ದೆ. ಹೊಸ ರೀಲು ತರಬೇಕೆಂದರೆ ಹತ್ತು ನಿಮಿಷದ ದಾರಿ. ಒಳಗಿನಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬರುತ್ತಿತ್ತು. ಅಲ್ಲದೆ, ನಿಜ ಹೇಳಿಬಿಡುತ್ತೇನೆ, ಪೇಟ ಕಟ್ಟಿ ಕುರ್ಚಿಯಲ್ಲಿ ಕೂತ ಮನುಷ್ಯ ನನ್ನಂಥ ಕಲಾವಿದನಿಗೆ ಒಂದು ವಸ್ತುವೇ ಎಂಬ ಕೊಬ್ಬೂ ಇತ್ತು. ಹಟ ಮಾಡುವ ಮಕ್ಕಳಿಗೆ ಮಾಡುವಂತೆ ಖಾಲಿ ಕ್ಯಾಮೆರಾ ಹಿಡಿದೆ. ಹಿತ್ತಿಲಲ್ಲಿ ಕುರ್ಚಿ ಹಾಕಿ, "ಗದ್ದ ಸ್ವಲ್ಪ ಎತ್ತಿ ಮಾವ" ಎಂದೆ. ಎತ್ತಿದರು. ಕ್ಲಿಕ್ಕಿಸಿದೆ, ಲಿವರ್ ಎಳೆದೆ. ಅನುಮಾನ ಬಾರದಿರಲೆಂದು ಇನ್ನೊಂದು ಸಲ ಕ್ಲಿಕ್ಕಿಸಿದೆ. ಮಾವ ತಲೆಯನ್ನು ಸ್ವಲ್ಪ ಓರೆ ಮಾಡಿ "ಚೆಂದಾಗ್ ಬಂತಾ?" ಎಂದರು. ಬಹಳ ಚೆನ್ನಾಗಿ ಬಂದಿದೆ ಎಂದೆ. ಉಪ್ಪಿಟ್ಟು ತಿಂದು, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದರು.

ಮುಂದಿನ ವಾರ ಸರಿಯಾಗಿ ತೆಗೆದರಾಯಿತು ಎಂದುಕೊಂಡಿದ್ದೆ. ಆದರೆ ಇನ್ನೊಂದು ತೆಗೆಯಬೇಕಾದರೆ ಮೊದಲನೆಯದು ಸುಳ್ಳೆಂದು ಒಪ್ಪಿಕೊಳ್ಳಬೇಕಿತ್ತು. ಮಾವ ಸಿಕ್ಕಾಗಲೆಲ್ಲ ಕೇಳುತ್ತಿದ್ದರು: "ಪೋಟೋ ಬಂತಾ ಅಳಿಯಂದ್ರೆ?" "ತೊಳೆಸೋಕೆ ಕೊಟ್ಟಿದೀನಿ ಮಾವ, ಸ್ಟುಡಿಯೋದವರಿಗೆ ಕೆಲಸ ಜಾಸ್ತಿ" ಎನ್ನುತ್ತಿದ್ದೆ. ಮಾಲೇಕಲ್ಲು ಬೆಟ್ಟದ ಮೆಟ್ಟಿಲ ಮೇಲೆ ದಣಿದು ಕೂತಾಗ ಕೇಳಿದರು, ಬೀಗರ ಮನೆಯ ಪಂಕ್ತಿಯಲ್ಲಿ ಕೇಳಿದರು. ಕೇಳುವಾಗ ಬೇಸರವಿಲ್ಲ, ಒತ್ತಾಯವಿಲ್ಲ. ಒಂದು ದಿನ ತಡೆಯಲಾಗದೆ ರೀಲು ಹಾಕಿದ ಕ್ಯಾಮೆರಾ ತೆಗೆದುಕೊಂಡು ಕಣಕಟ್ಟೆಗೇ ಹೋದೆ, ಎಲ್ಲ ಹೇಳಿಬಿಡುವುದೆಂದು. ಮಾವ ಜಗಲಿಯ ಮೇಲೆ ತೆಂಗಿನಕಾಯಿ ರಾಶಿಗೆ ಒರಗಿ ಮಲಗಿದ್ದರು. ಬಾಯಿ ತೆರೆದಿತ್ತು. ಎದೆಯ ಮೇಲೆ ಬೆಕ್ಕು ಮಲಗಿತ್ತು, ಅವರು ಉಸಿರಾಡಿದಂತೆ ಅದು ಏರುತ್ತಿತ್ತು, ಇಳಿಯುತ್ತಿತ್ತು. ಹೇಳಲು ಹೋದವನು ನಾಲ್ಕು ಫೋಟೋ ತೆಗೆದೆ. ಎದ್ದವರು ಮೊದಲು ಕೇಳಿದ್ದು ಅದೇ ಪ್ರಶ್ನೆ. ನಾನು ಹೇಳಿದ್ದೂ ಅದೇ ಉತ್ತರ.

ಆ ವರ್ಷ ಶ್ರಾವಣ ಕಳೆಯುವ ಮುಂಚೆ, ಒಂದು ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟ ಮಾವ ಮತ್ತೆ ಏಳಲಿಲ್ಲ. ನಾವು ಕಣಕಟ್ಟೆಗೆ ಹೋದಾಗ ಕುರ್ಚಿ ಸಿದ್ಧವಾಗಿತ್ತು. "ಅಳಿಯಂದ್ರ ತಾವ ಕ್ಯಾಮೆರಾ ಐತಲ್ಲ, ಕೂರ್ಸಿ ಒಂದ್ ತೆಗೆಸ್ರಪ್ಪ" ಎಂದರು ನೆಂಟರು. ಗಿರಿಜಾ ಅಡ್ಡ ನಿಂತಳು. "ಬೇಡ. ಅಪ್ಪ ಕಣ್ಣು ಬಿಟ್ಕೊಂಡು ಕೂತಿರೋ ಫೋಟೋ ಇದೆ. ಇವರು ತೊಳೆಸೋಕೆ ಕೊಟ್ಟಿದ್ದಾರೆ." ನೆಂಟರ ಮುಂದೆ ಹೌದೆಂದು ತಲೆಯಾಡಿಸಿದೆ. ಅಂದು ಕ್ಯಾಮೆರಾದಲ್ಲಿ ಹೊಚ್ಚ ಹೊಸ ರೀಲಿತ್ತು.

ಮನೆಗೆ ಬಂದ ಮೇಲೆ, ಸ್ಟುಡಿಯೋದಲ್ಲಿ ಆ ರೀಲಿಗೆ ಬೆಳಕು ಬಿದ್ದು ಹಾಳಾಯಿತಂತೆ ಎಂದೆ. ಗಿರಿಜಾ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಉಳಿದದ್ದು ಆ ಬೆಕ್ಕಿನ ಫೋಟೋ ಒಂದೇ. ನಾಗರಾಜಣ್ಣ ಅದನ್ನು ನೋಡಿ, ಬೆಕ್ಕು ತೆಗೀಬಹುದು, ಬಾಯಿ ಮುಚ್ಚಿಸಬಹುದು, ಬ್ರಷ್ಷಿನಲ್ಲಿ ಕಣ್ಣೂ ಬಿಡಿಸಬಹುದು ಎಂದು ಧೈರ್ಯ ಹೇಳಿದ. ಆಮೇಲೆ ಪೆನ್ಸಿಲ್ ಹಿಡಿದು ಕೇಳಿದ: "ಯಜಮಾನ್ರ ಕಣ್ಣು ಹೆಂಗಿತ್ತು ಸಾರ್? ದೊಡ್ಡದಾ, ಸಣ್ಣದಾ?" ನನಗೆ ಅವರ ಹುಬ್ಬಿನ ನರೆ ಗೊತ್ತು, ಮಲಗಿದಾಗ ಕೆಳತುಟಿ ಯಾವ ಕಡೆ ಜಾರುತ್ತದೆಂಬುದು ಗೊತ್ತು. ಅಷ್ಟು ವರ್ಷದಲ್ಲಿ ಅವರ ಕಣ್ಣನ್ನು ನಾನು ಒಂದು ದಿನವೂ ನೋಡಿರಲಿಲ್ಲ. "ಎಲ್ಲರ ಥರಾನೇ ಇತ್ತು" ಎಂದೆ. ನಾಗರಾಜಣ್ಣ ಎಲ್ಲರ ಥರದ ಕಣ್ಣನ್ನೇ ಬರೆದುಕೊಟ್ಟ.

ವರ್ಷದ ಪುಣ್ಯತಿಥಿಯ ದಿನ ಗಿರಿಜಾ ಆ ಫೋಟೋಗೆ ಹಾರ ಹಾಕಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. "ಇದು ನಮ್ಮಪ್ಪನ ಕಣ್ಣಲ್ಲ" ಎಂದಳು. ನಾಗರಾಜಣ್ಣನ ಬ್ರಷ್ಷನ್ನು ಬೈಯಲು ನಾನು ಸಿದ್ಧನಾಗುತ್ತಿದ್ದೆ. ಅವಳು ತಿರುಗದೆಯೇ ಹೇಳಿದಳು: "ಅವತ್ತು ಬಸ್ಸು ಹತ್ತೋವಾಗಲೇ ಅಪ್ಪ ನನಗೆ ಹೇಳಿದ್ರು. 'ನಿನ್ ಗಂಡನ ಕ್ಯಾಮೆರಾದಾಗೆ ಏನೂ ಇರ್ಲಿಲ್ಲ ಕಣವ್ವ. ಬರೀ ಚಿಪ್ಪಿನ ಸದ್ದು ಬಂತು. ನೀನೇನೂ ಕೇಳಕ್ಕೋಗಬ್ಯಾಡ, ಅವ್ರು ನಾಚ್ಕಂತಾರೆ. ನಾನೇ ಆಗಾಗ ನೆಪ್ಪು ಮಾಡ್ತಿರ್ತೀನಿ, ಅವ್ರಾಗೇ ಇನ್ನೊಂದು ತೆಗೀಲಿ' ಅಂದ್ರು."

ಗಿರಿಜಾ ಬೀರುವಿನ ಮೇಲಿಂದ ಕ್ಯಾಮೆರಾ ಇಳಿಸಿ, ಸೆರಗಿನಿಂದ ಧೂಳು ಒರೆಸಿದಳು. ಅದನ್ನು ನಾನು ವರ್ಷದಿಂದ ಮುಟ್ಟಿರಲಿಲ್ಲ, ಆ ಹೊಸ ರೀಲು ಇನ್ನೂ ಒಳಗಿತ್ತೋ ತೆಗೆದುಬಿಟ್ಟಿದ್ದೆನೋ ನೆನಪಿರಲಿಲ್ಲ. "ನಿಮ್ಮದೂ ಒಂದು ನೆಟ್ಟಗಿನ ಫೋಟೋ ಇಲ್ಲ. ಕೂತ್ಕೊಳ್ಳಿ" ಎಂದಳು. ಕೂತೆ. ಕೊರಳ ಗುಂಡಿ ಹಾಕಿಕೊಂಡೆ, ಕೈಗಳನ್ನು ತೊಡೆಗೆ ಅಂಟಿಸಿಕೊಂಡೆ, ಕಣ್ಣನ್ನು ಆದಷ್ಟು ಅಗಲ ಬಿಟ್ಟೆ. ಅವಳು ಕ್ಲಿಕ್ಕಿಸಿ ಲಿವರ್ ಎಳೆದಳು. ಮೈಯೆಲ್ಲಾ ಕಿವಿಯಾಗಿ ಕೇಳಿದೆ. ಮಾವನ ಕಿವಿ ನನಗೆಲ್ಲಿಂದ ಬರಬೇಕು? ಸದ್ದು ತುಂಬಿದ್ದೋ, ಖಾಲಿಯೋ, ತಿಳಿಯಲಿಲ್ಲ. "ಚೆನ್ನಾಗಿ ಬಂತಾ?" ಎಂದೆ. ಬಹಳ ಚೆನ್ನಾಗಿ ಬಂದಿದೆ ಎಂದಳು.

ಇದಾಗಿ ಎಷ್ಟೋ ವರ್ಷವಾಯಿತು. ನಾಗರಾಜಣ್ಣನ ಸ್ಟುಡಿಯೋ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂದಿದೆ. ನಾನು ಮಾತ್ರ ಆಗಾಗ ಕೇಳುತ್ತೇನೆ: "ಫೋಟೋ ಬಂತಾ ಗಿರಿಜಾ?" ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸುವುದಿಲ್ಲ, ತಲೆಯೆತ್ತುವುದೂ ಇಲ್ಲ.

"ತೊಳೆಸೋಕೆ ಕೊಟ್ಟಿದೀನಿ" ಎನ್ನುತ್ತಾಳೆ. "ಸ್ಟುಡಿಯೋದವರಿಗೆ ಕೆಲಸ ಜಾಸ್ತಿ."