ಕನ್ನಡಿ ಹೊತ್ತು ಮೂರೂರು

ನಾನು ಮೊದಲ ಸಲ ಊರು ಬಿಟ್ಟದ್ದು ಶೀಗಿ ಹುಣ್ಣಿಮೆಯ ಮರುದಿನ. ಬೆಳವಣಕಿಯ ಸಾಲಿಯಲ್ಲಿ ಕೂತು, ಅಂಗೈಯಷ್ಟು ಕನ್ನಡಿಯಿಂದ ಬಿಸಿಲು ಹಿಡಿದು ಮಾಸ್ತರ ಬೋಳುತಲೆಯ ಮೇಲೆ ಬಿಟ್ಟಿದ್ದೆ. ‘ನಡಿ ಹೊರಗ’ ಅಂದರು. ನಡೆದೆ. ರೋಣ ಮುಟ್ಟಿದ ಮೇಲೇ ನಿಂತೆ. ಕನ್ನಡಿ ಹಿಡಿದವನಿಗೆ ಇಂಥವು ತಪ್ಪುವುದಿಲ್ಲ ಅಂತ ಅವತ್ತೇ ತಿಳಿಯಬೇಕಿತ್ತು.

ರೋಣದಲ್ಲಿ ಫೋಟೋ ತೆಗೆಯುವ ಒಬ್ಬ ಅಜ್ಜ ಕೆಲಸ ಕಲಿಸಿದ. ‘ಕ್ಯಾಮೆರಾದ ಕರೀ ಅರಿವಿಯೊಳಗ ಏನೂ ತಿಳೀದಿದ್ರ ಹೊಳಿಯೂದನ್ನ ಹುಡುಕಪಾ. ಅದು ನಿಚ್ಚಳ ಆತಂದ್ರ ಮುಖಾನೂ ನಿಚ್ಚಳ’ ಅನ್ನುತ್ತಿದ್ದ.

ಮುಂದೆ, ಐವತ್ತರ ದಶಕದಲ್ಲಿ, ನನ್ನ ಆಸ್ತಿ ಅಂದರೆ ಮೂರು ಕಾಲಿನ ಕ್ಯಾಮೆರಾ ಮತ್ತು ಎದೆಯೆತ್ತರದ ಒಂದು ಸಾಗವಾನಿ ಚೌಕಟ್ಟಿನ ಕನ್ನಡಿ. ಫೋಟೋದೊಳಗೆ ಕನ್ನಡಿ, ಕನ್ನಡಿಯೊಳಗೆ ಮುಖ ತರುವ ಹುಚ್ಚು ಹತ್ತಿತ್ತು. ಅವ್ವನ ಹುಚ್ಚು ಬೇರೆ. ‘ಎಲ್ಯರ ಒಂದೂರಾಗ ಬಾಗಲಿಗೆ ಬೋರ್ಡ್ ಹಾಕಿ ಕುಂದರೋ ನನ್ನಪ್ಪಾ. ನೀ ಕುಂತಿ ಅಂದ್ರ ನಾನೂ ಬಂದಿರ್ತೀನಿ.’

ಮೂರೂರಲ್ಲಿ ಕೂಡ್ರಲು ನೋಡಿದೆ. ಮೂರರಲ್ಲೂ ಕನ್ನಡಿಯೇ ನನ್ನನ್ನು ಎಬ್ಬಿಸಿ ಕಳಿಸಿತು.

ಐದು ಕಾಲು

ರೋಣದ ಒಬ್ಬ ಗೌಡರು, ‘ಮಗನ ಲಗ್ನದ ಫೋಟೋ ಚಲೋ ತಗಿ, ನಮ್ಮ ಪಡಸಾಲಿ ನಿನಗ’ ಅಂದರು. ನಾನು ಜಾಣತನ ಮಾಡಿದೆ. ಗಂಡು ಹೆಣ್ಣಿನ ಹಿಂದೆ ಕನ್ನಡಿ ನಿಲ್ಲಿಸಿದೆ, ಬಾಸಿಂಗದ ಹಿಂಭಾಗವೂ ಕಾಣಲಿ ಅಂತ. ಫೋಟೋ ಬಂತು. ಗೌಡರ ತಾಯಿ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ‘ಯವ್ವಾ, ಲಗ್ನದ ಫೋಟೋದಾಗ ಕ್ವಾಣ ಯಾಕ ಬಂದೈತಿ?’ ಅಂತ ಚೀರಿದಳು.

ಮದುಮಕ್ಕಳ ನಡುವೆ, ಕನ್ನಡಿಯಲ್ಲಿ, ಕರಿ ಬಟ್ಟೆ ಹೊದ್ದು ಬಗ್ಗಿ ನಿಂತಿದ್ದವನು ನಾನೇ.

‘ಅದು ಕ್ವಾಣ ಅಲ್ಲಬೇ, ನಾನು.’

ಮುದುಕಿ ಬೆರಳಿಟ್ಟು ಎಣಿಸಿದಳು. ‘ನೀನಾದ್ರ ಐದ ಕಾಲ ಯಾಕ ಅದಾವ?’

ಕ್ಯಾಮೆರಾದ ಮೂರು, ನನ್ನವೆರಡು. ಹೇಳಿದೆ. ‘ಯಮನ ಕ್ವಾಣಕ್ಕೂ ನಾಕಽ ಇರ್ತಾವು. ನೀ ಅದಕ್ಕಿಂತಾ ಕಡಿ’ ಅಂದಳು. ಪಡಸಾಲಿ ಹೋಯಿತು.

ಮಚ್ಚೆ

ನರಗುಂದದಲ್ಲಿ ಒಬ್ಬ ಕಾಳಿನ ವ್ಯಾಪಾರಿ. ತಕ್ಕಡಿ ಹಿಡಿದ ಫೋಟೋ ಬೇಕಂದರು. ನನ್ನದು ಹೊಸ ಪ್ರಯೋಗ. ಮನುಷ್ಯನನ್ನು ಬಿಟ್ಟು ಕನ್ನಡಿಯೊಳಗಿನ ಬಿಂಬವನ್ನಷ್ಟೇ ತೆಗೆದೆ. ಮೊದಲ ಗಾಜಿನ ಪ್ಲೇಟಿನಲ್ಲಿ ಕನ್ನಡಿಯ ಮೇಲಿನ ಧೂಳು ನಿಚ್ಚಳ, ವ್ಯಾಪಾರಿ ಮಸುಕು. ಕನ್ನಡಿಯತನಕದ ದೂರಕ್ಕೆ ಅಲ್ಲಿಂದ ಮನುಷ್ಯನತನಕದ ದೂರವನ್ನೂ ಕೂಡಿಸಿ ಫೋಕಸ್ ಮಾಡಬೇಕು ಅಂತ ಅಂದು ಕಲಿತೆ. ಎರಡನೆಯದು ಚೆನ್ನಾಗಿ ಬಂತು.

‘ಏ, ಎಡಗೈಲೆ ತೂಗಾಕತ್ತೀನಲ್ಲೋ! ನೋಡಿದವರು ನನ್ನ ಅಂಗಡಿ ಮೆಟ್ಟಲಾ ಹತ್ತತಾರೇನು?’

‘ಎಡಗೈಯಾಗ ಹಿಡೀರಿ, ಬಲಗೈಗೆ ಬರತೈತಿ’ ಅಂದೆ. ಬಂತು. ವ್ಯಾಪಾರಿ ಹಿಗ್ಗಿ, ‘ಅಂಗಡಿ ಮ್ಯಾಲಿನ ಖೋಲಿ ನಿಂದು’ ಅಂದರು. ಫೋಟೋ ಒಳಗೆ ಹೋಯಿತು. ಒಳಗಿನಿಂದ ಹೆಂಡತಿಯ ದನಿ ಬಂತು: ‘ನಮ್ಮವರ ಮಚ್ಚಿ ಎಡಗಲ್ಲದ ಮ್ಯಾಲೆ ಐತಿ. ಇಂವಂದು ಬಲಕ್ಕೈತಿ. ಯಾರೋ ಪರಗಂಡಸಿನ ಫೋಟೋ ನನ್ನ ಮನ್ಯಾಗ ಬ್ಯಾಡ!’

ಬಾಗಿಲ ಸಂದಿಯಿಂದ ನೋಡಿದರೆ, ಆಯಮ್ಮ ಫೋಟೋದ ಎದುರು ತಲೆತುಂಬ ಸೆರಗು ಹೊದ್ದು ನಿಂತಿದ್ದಳು.

ಹೊಳೆಯುವ ಚುಕ್ಕಿ

ಗಜೇಂದ್ರಗಡಕ್ಕೆ ಬರುವಾಗ ಅವ್ವನಿಗೆ ಹೇಳಿಯೇ ಬಂದಿದ್ದೆ: ‘ಈ ಸಲ ಗಂಟು ಕಟ್ಟಿಕೊಂಡು ಕುಂತಿರು.’ ಅಲ್ಲಿ ಅರಿವೆ ಅಂಗಡಿಯ ಸಾಹುಕಾರರು ಮಗಳ ಫೋಟೋ ಬೀಗರ ಕಡೆ ಕಳಿಸುವವರಿದ್ದರು. ಮೊಗ್ಗಿನ ಜಡೆ ಕ್ಯಾಮೆರಾಕ್ಕೆ, ಮುಖ ಕನ್ನಡಿಗೆ. ಎರಡೂ ಒಂದೇ ಫೋಟೋದಲ್ಲಿ. ಚಲೋ ಬಂದರೆ ಪೇಟೆಯ ಎದುರಿನ ಖೋಲಿ ನನಗೆ.

ನಾನು ಕರೀ ಅರಿವಿಯೊಳಗೆ ತಲೆ ಹಾಕಿದೆ. ಎಲ್ಲ ತಲೆಕೆಳಗು, ಎಲ್ಲ ಮಸುಕು. ಅಜ್ಜನ ಮಾತು ನೆನಪಾಯಿತು. ಹುಡುಕಿದೆ. ಒಂದು ಚುಕ್ಕಿ ಫಳಕ್ಕೆಂದಿತು. ಹುಡುಗಿಯ ಜುಮಕಿ! ಅದನ್ನೇ ನಿಚ್ಚಳ ಮಾಡಿಕೊಂಡು, ಪ್ಲೇಟು ಹಾಕಿ, ‘ಯಾರೂ ಕದಲಬ್ಯಾಡ್ರಿ!’ ಅಂತ ಕೂಗಿ ಲೆನ್ಸಿನ ಮುಚ್ಚಳ ತೆಗೆದೆ.

ಯಾರೂ ಕದಲಲಿಲ್ಲ.

ಫೋಟೋ ಒಣಗಿದಾಗ ಸಾಹುಕಾರರು ಅಂಗಡಿಯಲ್ಲಿದ್ದರು. ಇಸಿದುಕೊಂಡವರು ಸಾಹುಕಾರ್ತಿ. ಮಗಳ ಮುಖ ಉಗಿಯ ಹಾಗೆ ಮಸುಕು. ಆದರೆ ಕನ್ನಡಿಯಲ್ಲಿ, ಅವಳ ಹಿಂದೆ, ಅಡಿಗೆ ಮನೆಯ ಬಾಗಿಲಲ್ಲಿ ಸಾಹುಕಾರರು ನಿಚ್ಚಳ! ಎಡಗೈಯಲ್ಲಿ ಹಿತ್ತಾಳೆ ಡಬ್ಬಿಯ ಮುಚ್ಚಳ, ಬಾಯಲ್ಲಿ ಅರ್ಧ ಬೇಸನ್ ಉಂಡಿ, ಮೀಸೆಯ ಮೇಲೆ ಅದರ ಪುಡಿ. ನಾನು ಜುಮಕಿ ಅಂದುಕೊಂಡಿದ್ದು ಆ ಮುಚ್ಚಳ. ದವಾಖಾನಿಯವರು ಸಾಹುಕಾರರಿಗೆ ಸಿಹಿ ಬಿಡಿಸಿ ಎರಡು ತಿಂಗಳಾಗಿತ್ತು. ಕದಲಬ್ಯಾಡ್ರಿ ಅಂದಾಗ ಪಾಪ, ಅವರೂ ಕದಲಿರಲಿಲ್ಲ.

ಸಂಜೆ ಸಾಹುಕಾರ್ತಿ ಫೋಟೋ ಮುಂದಿಟ್ಟರು. ‘ಏನ್ರಿ, ಬೆಲ್ಲಾ ಸೈತ ಮುಟ್ಟಿಲ್ಲ ಅಂತಿದ್ರೆಲ್ಲಾ, ಇವರ‍್ಯಾರು?’

ಸಾಹುಕಾರರು ನನ್ನ ಕಡೆ ನೋಡಿದರು. ‘ಏ ಫೋಟೋದವನ, ಇದು ಹಳೇದಲ್ಲೇನೋ?’

‘ಮೊನ್ನೇದ್ರೀ’ ಅಂದುಬಿಟ್ಟೆ.

ಮರುದಿನ ಹುಡುಗಿಯನ್ನು ಮತ್ತೆ ನಿಲ್ಲಿಸಿ ಖರೇ ಜುಮಕಿಯನ್ನೇ ಹಿಡಿದೆ. ನನ್ನ ಬದುಕಿನಲ್ಲೇ ಅಂಥ ಫೋಟೋ ಬಂದಿಲ್ಲ. ಮೊಗ್ಗು ಮೊಗ್ಗೂ ಎಣಿಸಬಹುದಿತ್ತು, ಕಣ್ಣೊಳಗಿನ ನಗೆಯೂ ಕಾಣುತ್ತಿತ್ತು. ‘ಸಾಹುಕಾರ್ರ, ಆ ಖೋಲಿ...’ ಅಂದೆ.

‘ಯಾವ ಖೋಲಿ?’ ಅಂದರು.

ಕ್ಯಾಮೆರಾದ ಕಾಲು ಮಡಚಿದೆ, ಕರೀ ಅರಿವಿ ಸುತ್ತಿದೆ. ಗಂಟು ಕಟ್ಟಿ ಕೂತಿರುವ ಅವ್ವನಿಗೆ ಏನು ಹೇಳಲಿ ಅಂದುಕೊಳ್ಳುತ್ತ ಕನ್ನಡಿಗೆ ಹಗ್ಗ ಹಾಕುತ್ತಿದ್ದೆ. ಸಾಹುಕಾರ್ತಿ ಒಂದು ಪೊಟ್ಟಣ ಉಂಡಿ ತಂದು ಕೈಗಿತ್ತರು.

‘ತಮ್ಮಾ, ಕ್ಯಾಮೆರಾ ತಗೊಂಡು ಹೋಗು, ಕನ್ನಡಿ ನಮಗ ಕೊಟ್ಟು ಹೋಗು. ನಾ ಪಡಸಾಲ್ಯಾಗ ಕುಂತ್ರ ಅಡಿಗಿ ಮನಿ ಬಾಗಲಾ ಕಾಣೂಹಂಗ ನಿಂದ್ರಸು.’

ನಿಲ್ಲಿಸಿದೆ. ಉಳಿದ ಗಂಟನ್ನು ಹೆಗಲಿಗೇರಿಸಿದೆ. ಅವ್ವನಿಗೆ ಹೇಳಲು ಇಷ್ಟಾದರೂ ಸಿಕ್ಕಿತು: ನಮ್ಮ ಪೈಕಿ ಒಬ್ಬರು ಕಡೆಗೂ ಒಂದೂರಲ್ಲಿ ಕುಂತರು.